ಕಂಠೆಪ್ಪನ ತಗ್ಗಿನ ಹೊಲ

ನೀರು ಕಂಡರೆ ಬದುಕು ಕಂಡಂತೆ ಎಂದು ನಂಬಿದವನಿಗೆ ಬುದ್ಧಿ ಹೇಳುವುದು ಕಷ್ಟ. ಕಂಠೆಪ್ಪ ಬಾದಾಮಿ ಕಡೆಯ ಕುರುಬರವನು. ಅಪ್ಪನ ಕುರಿಹಿಂಡು ಕೈಬಿಟ್ಟ ಮೇಲೆ ಘಟ್ಟದ ಕೆಳಗಿನ ಫೋಂಡಾಕ್ಕೆ ಬಂದು, ಕರಣಿ ಹಿಡಿದು ಕಂಡವರ ಗೋಡೆಗೆ ಸಿಮೆಂಟು ಬಳಿಯುತ್ತ ತಲೆ ನರೆಸಿಕೊಂಡವನು. ಬೆಳಗಾದರೆ ಕೂಲಿಯವರು ಸೇರುವ ನಾಕಾದಲ್ಲಿ ಸಾಲು ನಿಂತು, ಗುತ್ತಿಗೆದಾರ ತನ್ನನ್ನು ಆರಿಸಿಕೊಳ್ಳಲಿ ಎಂದು ಕಾಯುವುದು ಅವನಿಗೆ ಸಾಕಾಗಿತ್ತು. ಈಚೆಗೆ ಆರಿಸುವುದೂ ಕಡಿಮೆಯಾಗಿತ್ತು. ಸ್ವಂತ ನೆಲ, ನಾಲ್ಕು ಕುರಿ, ಮನೆಗಾಗುವಷ್ಟು ಕಾಳು. ಇನ್ನು ಯಾರ ಮುಂದೆಯೂ ನಿಲ್ಲಬಾರದು ಎಂಬುದೊಂದೇ ಹಟ. ಮೇಟಿ ವಿದ್ಯೆಯೇ ಮೇಲು ಎನ್ನುವವರು ಯಾವ ಮಣ್ಣಿನಲ್ಲಿ ಎಂದು ಹೇಳುವುದಿಲ್ಲ.

ವಾಳಪೈ ಹತ್ತಿರ ಎರಡು ತುಂಡು ನೆಲ ನೋಡಿದ. ಮೇಲಿನದು ಬರೀ ಕೆಂಪು ಕಲ್ಲು, ಗೇರುಗಿಡ. ಕೆಳಗಿನದು ಹೊಳೆಯ ಮಗ್ಗುಲಿಗೆ, ಸಪಾಟು. ಸುಡುಬೇಸಿಗೆಯಲ್ಲೂ ಅಲ್ಲಿ ಹಸಿ ಹುಲ್ಲು. ಬಗ್ಗಿ ಒಂದು ಹಿಡಿ ಮಣ್ಣು ಹಿಸುಕಿದ. ಅಂಗೈಗೆ ತೇವ ಹತ್ತಿತು. ಅವರೂರಲ್ಲಿ ಇಂಥ ತಗ್ಗಿನ ಹೊಲಕ್ಕೆ ಅಣ್ಣತಮ್ಮಂದಿರು ಕೊಡಲಿ ಎತ್ತುತ್ತಾರೆ. ಇಲ್ಲಿಯವರು ಬೀಳುಬಿಟ್ಟಿದ್ದಾರಲ್ಲ, ಎಂಥ ಮಳ್ಳರು ಎಂದು ಒಳಗೊಳಗೇ ನಕ್ಕ.

ಆ ನೆಲದ ನೆರೆಮನೆಯ ಅಂಬಾಬಾಯಿ ಖಾನಾಪುರದ ಕಡೆಯಿಂದ ಲಗ್ನವಾಗಿ ಬಂದ ಮುದುಕಿ. "ಮ್ಯಾಲಿಂದು ತಗೋ ತಮ್ಮಾ. ಎರಡು ಆಡು ಕಟ್ಟು. ಕುರಿ ಇಲ್ಲಿ ಯಾರೂ ಸಾಕಂಗಿಲ್ಲ," ಎಂದಳು.

"ಸಾಕಾಕ ಬರಬೇಕಲ್ಲ ಆಯಿ. ನಾವು ಕುರಿ ಕೂಡನ ಹುಟ್ಟಿದವ್ರು," ಎಂದ ಕಂಠೆಪ್ಪ.

ಯಾಕೆ ಸಾಕುವುದಿಲ್ಲ ಎಂದು ಮಾತ್ರ ಕೇಳಲಿಲ್ಲ. ದುಡಿದದ್ದನ್ನೆಲ್ಲ ಸುರಿದು ಕೆಳಗಿನ ನೆಲವನ್ನೇ ಕೊಂಡ, ಊರಿನಿಂದ ಕರಿ ಉಣ್ಣೆಯ ಕುರಿಗಳನ್ನು ಟೆಂಪೋದಲ್ಲಿ ತರಿಸಿದ. ಫೋಂಡಾದ ಬಾಡಿಗೆ ಖೋಲಿ ಬಿಡುವಾಗ ಹೆಂಡತಿ ಹುಲಿಗೆವ್ವಳ ಮುಂದೆ ಕರಣಿ ಎಸೆದ.

"ಇದನ್ನ ಯಾರಿಗರ ಕೊಟ್ಟಬಿಡು. ಇನ್ನ ಮುಟ್ಟಂಗಿಲ್ಲ. ನಮ್ಮ ಕುರಿ ಉಣ್ಣಿ ಕಂಬಳಿ ಮ್ಯಾಲ ನಿನ್ನ ಕುಂದರಸ್ತೇನಿ, ನೋಡುವಂತಿ."

"ಹೂಂ," ಎಂದಳು ಹುಲಿಗೆವ್ವ.

ಮಳೆ ಬಂತು. ಊರಲ್ಲಿ ಮಳೆಗಾಗಿ ಕತ್ತೆಯ ಮದುವೆಯಲ್ಲಿ ಅಕ್ಕಿಕಾಳು ಹಾಕಿದವನು ಇಲ್ಲಿ ಸಾಕು ಮಾಡಪ್ಪ ಎಂದು ಆಕಾಶಕ್ಕೆ ಕೈಮುಗಿದ. ಹೊಳೆ ಏರಿ ಬಂದು ಹೊಲದಲ್ಲೇ ಕಾಲುಚಾಚಿ ಮಲಗಿತು. ಬಿತ್ತಿದ ಜೋಳ ನೀರಿನಡಿಯೇ ಕೊಳೆಯಿತು. ಕುರಿಗಳ ಉಣ್ಣೆ ನೆನೆದದ್ದು ಒಣಗಲೇ ಇಲ್ಲ; ಗೊರಸಿನ ಸಂದು ಕೊಳೆತು, ಅವು ಮೊಣಕಾಲೂರಿ ಮೇಯತೊಡಗಿದವು. ಹುಲಿಗೆವ್ವ ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚುವಳು, ಸಂಜೆಗೆ ಮತ್ತೆ ಕೆಸರು. ಕಂಠೆಪ್ಪ ಬೀರಪ್ಪನಿಗೆ ಹರಕೆ ಹೊತ್ತ. ಬೀರಪ್ಪನೂ ಇಂಥ ಮಳೆ ಕಂಡಿರಲಿಕ್ಕಿಲ್ಲ. ಒಂದೊಂದಾಗಿ ಎಲ್ಲವೂ ಹೋದವು.

ಕೊನೆಯ ಕುರಿಯನ್ನು ಹೆಗಲ ಮೇಲೆ ಹೊತ್ತು ಅಂಬಾಬಾಯಿಯ ಜಗಲಿಗೆ ಏರಿಸಿದ. ಅದು ಅಲ್ಲೇ ಅವನ ತೊಡೆಯ ಮೇಲೆ ಪ್ರಾಣ ಬಿಟ್ಟಿತು. ಕಂಠೆಪ್ಪ ಹೆಂಗಸರಂತೆ ಬಾಯಿಬಿಟ್ಟು ಅತ್ತ. ಆಮೇಲೆ, ಅಪ್ಪ ಮಾಡುತ್ತಿದ್ದ ಹಾಗೆ, ಉಣ್ಣೆ ಕತ್ತರಿಸಿ ತಂದು ಒಲೆಯ ಮೇಲಿನ ಗಳಕ್ಕೆ ಹಾಕಿದ. ಎರಡೇ ದಿನದಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು.

"ಬಿಸಲು ಬೀಳಲಿ, ಒಣಗತೈತಿ," ಎಂದ.

"ನವರಾತ್ರಿತನಕ ಬಿಸಲಿಲ್ಲಂತ್ರಿ. ಅಲ್ಲೀತನಕ ಏನ ಉಣ್ಣೂದು?"

ಹುಲಿಗೆವ್ವ ಟ್ರಂಕಿನ ತಳದಿಂದ ಹಳೇ ಸೀರೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಆ ಮನೆಯಲ್ಲಿ ಚಪ್ಪಲಿ, ಹಾಸಿಗೆ, ದೇವರ ಪಟ ಎಲ್ಲಕ್ಕೂ ಬೂಷ್ಟು ಬಂದಿತ್ತು. ಗಂಟಿನೊಳಗಿನ ಕರಣಿಗೆ ಮಾತ್ರ ಒಂದು ಚುಕ್ಕಿ ತುಕ್ಕಿಲ್ಲ.

"ಕೊಡಲಿಲ್ಲೇನ ಯಾರಿಗೂ?"

"ಇಲ್ರಿ."

"ಎಣ್ಣಿ ಯಾವಾಗ ಹಚ್ಚಿದಿ?"

"ಇಲ್ಲಿ ಬಂದಾಗಿಂದ ಹಚ್ಚಾಕತ್ತೇನ್ರಿ," ಎಂದಳು, ಅವನ ಮುಖ ನೋಡದೆ.

ಸತ್ತ ಕುರಿಗಳಿಗಿಂತ ಹೆಚ್ಚಾಗಿ ಆ ಮಾತು ಅವನನ್ನು ಮುರಿಯಿತು. ಫೋಂಡಾದ ಮೊದಲ ಬಸ್ಸು ತಪ್ಪಿದರೆ ನಾಕಾದಲ್ಲಿ ಗುತ್ತಿಗೆದಾರರು ಯಾರೂ ಉಳಿದಿರುವುದಿಲ್ಲ ಎಂದು ಅವಳು ಆಗಲೇ ರೊಟ್ಟಿ ಕಟ್ಟಿಟ್ಟಿದ್ದಳು. ಕಂಠೆಪ್ಪ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ.