ಅಟ್ಟದ ಏಣಿ ಬಚ್ಚಿಟ್ಟ ಮೊಮ್ಮಗಳು

ನನ್ನ ಹೊಟ್ಟೆಯ ಹೊಲಿಗೆ ಗಟ್ಟಿಯಾಗಿ ನಿಂತಿದೆ! ಎರಡನೇ ಆಪರೇಷನ್ ಆಗಿ ವರ್ಷ ತುಂಬಿತು, ಹರ್ನಿಯಾ ಮರಳಿ ಬಂದಿಲ್ಲ ಎಂದು ತಿಪಟೂರಿನ ಡಾಕ್ಟರು ಇವತ್ತು ಬೆಳಿಗ್ಗೆ ಕೆಮ್ಮಿಸಿ, ಒತ್ತಿ ನೋಡಿ ಹೇಳಿದರು. ಅದರ ಪುಣ್ಯವೆಲ್ಲ ನನ್ನ ಮೊಮ್ಮಗಳದು.

ಮೊದಲ ಸಲ ಕೆಡಿಸಿಕೊಂಡವನು ನಾನೇ. ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಉಬ್ಬಿದ್ದನ್ನು ಹೊಲಿದು ಕಳಿಸಿದ್ದರು. ನಮ್ಮ ಕಡೆ ತೆಂಗಿನಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆಯೇ ಒಣಗಿ, ಒಳಗೆ ಉಂಡೆ ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುವುದು ಯಜಮಾನನ ಕೆಲಸ. ಆ ಜಂಬಕ್ಕೆ, ಆಪರೇಷನ್ ಆಗಿ ತಿಂಗಳು ತುಂಬುವ ಮೊದಲೇ ಅಟ್ಟ ಹತ್ತಿದೆ. ಚೀಲ ಹೊತ್ತು ಇಳಿದೆ. ನಾನು ಬೀಡಿ ಬಿಡಲಿಲ್ಲ, ಕೆಮ್ಮು ನನ್ನನ್ನು ಬಿಡಲಿಲ್ಲ. ಉಬ್ಬು ಮತ್ತೆ ಬಂತು, ಈ ಸಲ ಮಾವಿನಹಣ್ಣಿನಷ್ಟು.

ಎರಡನೇ ಸಲ ಒಳಗೆ ಆಸರೆಗೆ ಸೊಳ್ಳೆಪರದೆಯಂಥ ಬಲೆ ಇಟ್ಟು ಹೊಲಿದ ಡಾಕ್ಟರು, ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೂ ತಿಳಿಯುವ ಹಾಗೆ ಹೇಳಿದರು: "ಬೀಡಿ, ಕೆಮ್ಮು, ಭಾರ ಎತ್ತೋದು, ಬೊಜ್ಜು, ಸಕ್ಕರೆ ಕಾಯಿಲೆ, ಮಲಕ್ಕೆ ಕೂತು ತಿಣುಕೋದು, ಎಲ್ಲಾ ಹೊಲಿಗೆ ಸಡಿಲ ಮಾಡ್ತವೆ. ಒಂದು ಸಲ ಮರಳಿದ್ದು ಇನ್ನೊಂದು ಸಲ ಮರಳೋದು ಇನ್ನೂ ಸುಲಭ ಕಣ್ರೀ ಯಜಮಾನ್ರೇ."

ನಾನು ತಲೆಯಾಡಿಸಿದೆ. ಮೊಮ್ಮಗಳು ಬರೆದುಕೊಂಡಳು.

ಮನೆಗೆ ಬಂದರೆ ಏಣಿಯೇ ಇಲ್ಲ!

"ಏಣಿ ಎಲ್ಲವ್ವಾ?"

"ಪಕ್ಕದ್ಮನೆಗೆ ನೆಂಟ್ರಾಗಿ ಹೋಯ್ತು ಕಣ್ ತಾತ."

"ಕಾಯಿ ನೋಡೋರ್ಯಾರು?"

"ನಂಗೂ ಎಲ್ಡು ಕಿವಿ ಅವೆ, ಬುಡು."

ಬೀಡಿ ಕಟ್ಟು ನೀರೊಲೆಗೆ ಬಿತ್ತು. ಸೊಪ್ಪು, ಪರಂಗಿಹಣ್ಣು ತಟ್ಟೆಗೆ ಬಂದವು. ನೆಂಟರು ಕೂತಿದ್ದರೂ ಸರಿಯೇ, "ತಾತ, ಬೆಳಿಗ್ಗೆ ಸಲೀಸಾಗಿ ಆಯ್ತಾ?" ಎಂದು ಜೋರಾಗಿ ಕೇಳಿ ನನ್ನ ಮಾನ ತೆಗೆಯುತ್ತಿದ್ದಳು. ಆಮೇಲೆ ಏಣಿಯನ್ನು ಗಳಿಗೆ ಮಟ್ಟಿಗೆ ತಂದು, ಒಂದೊಂದೇ ಕುಕ್ಕೆ ಕಾಯಿ ತಾನೇ ಇಳಿಸಿ, ಏಣಿಯನ್ನು ಮತ್ತೆ ಪಕ್ಕದ ಮನೆಗೆ ಸಾಗಿಸಿ, ಜಗಲಿಯ ಮೇಲೆ ನನ್ನನ್ನು ಕೂರಿಸಿ, ನಾನು ಕೇಳಿದ ಸದ್ದನ್ನು ತಾನೂ ಕೇಳಿ ಕಲಿತಳು. ಐವತ್ತು ವರ್ಷ ನನ್ನ ಕಿವಿಯೊಂದರಲ್ಲೇ ಇದ್ದ ವಿದ್ಯೆ!

ಇವತ್ತು ಸಂಜೆ ಏಣಿ ಮನೆಯಲ್ಲೇ ಉಳಿಯಲು ವಾಪಸು ಬಂತು. ನಾನು ಹತ್ತಲಿಲ್ಲ, ಹಿಡಿದುಕೊಂಡು ನಿಂತೆ. ಅವಳೇ ಹತ್ತಿ ಒಂದು ಕಾಯಿ ಅಲ್ಲಾಡಿಸಿ, "ಆಗೈತೆ" ಎಂದಳು. ಮಗ ಸುಲಿದು ಒಡೆದ. ಬಿರುಕಿಲ್ಲದ ಇಡೀ ಕೊಬ್ಬರಿ ಉರುಳಿ ಬಂತು. ನಮ್ಮವಳು ಅದನ್ನು ಹೋಳು ಮಾಡಿ ಬೆಲ್ಲದ ಜೊತೆ ಎಲ್ಲರ ತಟ್ಟೆಗೂ ಇಟ್ಟಳು. ಬಸ್ಸಾರು, ಮುದ್ದೆ, ಮನೆಯವರೆಲ್ಲ ಒಟ್ಟಿಗೆ ಕೂತೆವು. ನಾನು ಎರಡನೇ ಮುದ್ದೆಗೆ ಕೈ ಚಾಚಿದೆ.

"ತಾತಾ, ಬೊಜ್ಜು!"

ಎಲ್ಲರೂ ನಕ್ಕರು. ಅವಳೇ ತನ್ನ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು. ಉಂಡೆವು.