ಬೆವರು ಆರಿದ ಮೇಲೆ ನೀರು

ಸವಿತಾಳ ಕೆಲಸ ಕಾಯಂ ಆಯಿತು! ಮೊದಲು ಇದನ್ನು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ತಂಗಡಗಿಯ ನಮ್ಮ ಓಣಿಯಲ್ಲಿ ಮೂಗು ಸೋರಿಸಿಕೊಂಡು ಕುಂಟಾಟ ಆಡಿದ ನನ್ನ ಮೊಮ್ಮಗಳು ಸವಿತಾ ಈಗ ಇಂಡಿ ಪಟ್ಟಣದ ಕಣ್ಣಿನ ದವಾಖಾನೆಯಲ್ಲಿ ಕಾಯಂ ನೌಕರಿಯವಳು. ಸೋಮವಾರ ಮಧ್ಯಾಹ್ನ ಫೋನ್ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ. ಹೇಳಿಕೊಳ್ಳಲು ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೂಟಕ್ಕೆ ಕಟ್ಟಿದ್ದ ಎತ್ತಿನ ಕೊರಳನ್ನೇ ಅಪ್ಪಿಕೊಂಡು ಅತ್ತುಬಿಟ್ಟೆ. ಆ ಎತ್ತಿಗೂ ಈ ಸುದ್ದಿಯಲ್ಲಿ ಪಾಲಿದೆ. ಹೇಗೆಂದು ಮುಂದೆ ಹೇಳುತ್ತೇನೆ.

ಊರಿನವರು ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಹೆಂಗೈತಿ ಆ ಊರು?" ಅಂತ. "ಛಲೋ ಐತಿ" ಅಂದು ಮುಗಿಸುತ್ತಿದ್ದೆ. ಮೂರನೆಯ ಇಯತ್ತೆಯವರೆಗೆ ಸಾಲಿ ಕಲಿತವಳು ನಾನು, ಬರೆಯುವುದು ನಿಧಾನ. ಆದರೂ ಈ ಸಲ ಬರೆದೇ ಹೇಳಬೇಕು ಅನಿಸಿತು.

ಮೊದಲ ದಿನದ ಸಂಗತಿ ಕೇಳಿರಿ. ಸವಿತಾ ಕಣ್ಣು ಪರೀಕ್ಷೆ ಮಾಡುವ ಕೋರ್ಸು ಮುಗಿಸಿ, ಇಂಡಿಯಲ್ಲಿ ಕೆಲಸ ಹಿಡಿದಳು. ಒಬ್ಬಳನ್ನೇ ಹೇಗೆ ಬಿಡುವುದು ಎಂದು ನಾನು ಜೊತೆಗೆ ಬಂದೆ. ಊರೊಳಗೆ ಮನೆ ಸಿಗಲಿಲ್ಲ. ಸಿಕ್ಕಿದ್ದು ಊರಿನಿಂದ ಏಳು ಕಿಲೋಮೀಟರ್ ಆಚೆ, ಒಂದು ನಿಂಬೆ ತೋಟದೊಳಗಿನ ಎರಡು ಕೋಣೆ. ಬೆಳಿಗ್ಗೆ ಎದ್ದು ನೋಡುತ್ತೇನೆ, ಮೋಟರು ಬುಸುಗುಡುತ್ತಿದೆ, ಪ್ರತಿ ನಿಂಬೆ ಗಿಡದ ಬುಡದಲ್ಲೂ ನೀರು. ಸಾಲುಸಾಲಾಗಿ ಗಿಡಗಳು ಜಳಕಕ್ಕೆ ಕೂತಂತೆ ಕಂಡವು. ನಾನು ಖುಷಿಯಾಗಿ ಕೊಡ ಹಿಡಿದು ಹೋದೆ. ತೋಟದ ಒಡತಿ ಕಸ್ತೂರಕ್ಕ ಎದುರಿಗೆ ಬಂದಳು.

"ನಿಲ್ಲಬೇ ಆಯಿ, ಮೊದಲ ಗಿಡಕ್ಕ, ಆಮ್ಯಾಲ ನಮಗ. ಎರಡು ದಿನಕ್ಕೊಮ್ಮೆ ನಿಮ್ಮ ಬ್ಯಾರಲ್ ತುಂಬಸ್ತೇನಿ. ಅದರಾಗ ನೀಗಿಸಿಕೋಬೇಕ."

"ಮನಶ್ಯಾರಕಿಂತ ಗಿಡ ಹೆಚ್ಚೇನವಾ?" ಅಂದೆ.

"ಈ ಊರಾಗ ಹೌದಬೇ," ಅಂದಳು, ನಗದೆ.

ನಾನು ಹೊಳೆದಂಡೆಯ ಹೆಣ್ಣು. ತಂಗಡಗಿಯಲ್ಲಿ ಜಳಕವೆಂದರೆ ಕೃಷ್ಣೆಯಲ್ಲಿ ಸೊಂಟದವರೆಗೆ ಇಳಿದು ಮುಳುಗುವುದು. ನೀರನ್ನು ಅಳೆಯುವುದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಮೈ ತೊಳೆದ ನೀರನ್ನು ಕರಿಬೇವಿಗೆ ಬಿಡುತ್ತಾರೆ, ಪಾತ್ರೆ ತೊಳೆದದ್ದನ್ನು ನುಗ್ಗೆಗೆ. ಮೊದಲ ವಾರ ನನ್ನ ಬ್ಯಾರಲ್ ಒಂದೇ ದಿನಕ್ಕೆ ಬರಿದಾಗಿ, ಮಾರನೆಯ ದಿನ ಕಸ್ತೂರಕ್ಕನ ಬಾಗಿಲಲ್ಲಿ ಕೊಡ ಹಿಡಿದು ನಿಂತೆ. ಅಷ್ಟು ನಾಚಿಕೆ ನಾನು ಮದುವೆಯಾಗಿ ಬಂದಾಗಲೂ ಪಟ್ಟಿರಲಿಲ್ಲ.

ಸವಿತಾಳ ಕೆಲಸದ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಅವಳ ಹತ್ತಿರ ಎಂಟನೆಯ ಇಯತ್ತೆಯಲ್ಲಿ ಸರಕಾರ ಕೊಟ್ಟ ಸೈಕಲ್ ಇತ್ತು. ಅದನ್ನೇ ಊರಿನಿಂದ ತರಿಸಿ ತುಳಿಯತೊಡಗಿದಳು. ದಾರಿ ಏರು, ಅಕ್ಕಪಕ್ಕ ತೊಗರಿ ಹೊಲ, ನೆರಳೆಂಬುದಿಲ್ಲ. ಎದುರುಗಾಳಿ ಬೇರೆ. ದವಾಖಾನೆ ಮುಟ್ಟುವ ಹೊತ್ತಿಗೆ ಬೆನ್ನು, ಬಗಲು ಎಲ್ಲ ತೊಯ್ದು ತೊಪ್ಪೆ. ಅಲ್ಲಿ ಬಚ್ಚಲಿಲ್ಲ. ಪೇಶಂಟರು ಸಾಲು ನಿಲ್ಲುವ ಒಂದು ಪಾಯಖಾನೆ, ಕೈ ತೊಳೆಯಲು ಒಂದು ಸಣ್ಣ ನಳ, ಅಷ್ಟೇ. ಹೋದವಳೇ ಮುಖಕ್ಕೆ ನೀರು ಚಿಮುಕಿಸಿಕೊಂಡು ಕೆಲಸಕ್ಕೆ ನಿಲ್ಲುತ್ತಿದ್ದಳು.

ಕೆಲಸ ಎಂಥದು ಎಂದರೆ, ಬಂದವರ ಮೂಗಿನ ಮೇಲೆ ಒಂದು ಭಾರದ ಚೌಕಟ್ಟು ಇಟ್ಟು, ಅದರಲ್ಲಿ ಗಾಜು ಬದಲಿಸಿ ಬದಲಿಸಿ "ಈಗ ಕಾಣತೈತೇನ್ರಿ? ಈಗ?" ಎಂದು ಕೇಳುವುದು. ಮುಖಕ್ಕೆ ಮುಖ ಕೊಟ್ಟು, ಕೈ ಎತ್ತಿ ಮಾಡುವ ಕೆಲಸ.

ಎರಡನೆಯ ತಿಂಗಳು ಒಂದು ಸಂಜೆ ಬಂದವಳು ಸೈಕಲ್ಲನ್ನು ಗೋಡೆಗೆ ಒರಗಿಸದೆ ನೆಲಕ್ಕೇ ಕೆಡವಿ ಒಳಗೆ ಹೋದಳು. ರೊಟ್ಟಿ ಮುಟ್ಟಲಿಲ್ಲ. ತಲೆ ಸವರಿ ಸವರಿ ಕೇಳಿದ ಮೇಲೆ ಬಾಯಿ ಬಿಟ್ಟಳು. ಆ ಬೆಳಿಗ್ಗೆ ಒಬ್ಬ ಮುದುಕ, ಬಿಳಿ ಮೀಸೆಯವನು, ಗಾಜು ಹಾಕಿಸಿಕೊಳ್ಳುತ್ತಾ ಎಲ್ಲರ ಮುಂದೆ, "ಕಣ್ಣಿಗೆ ಆಮ್ಯಾಲ ಹಾಕವಾ, ಮೊದಲ ನನ್ನ ಮೂಗಿಗೆ ಏನರೆ ಹಾಕು" ಅಂದನಂತೆ. ಕಾಯುತ್ತ ಕೂತವರೆಲ್ಲ ನಕ್ಕರಂತೆ.

ಆಮೇಲೆ ಡಾಕ್ಟರಬಾಯಿ ಒಳಗೆ ಕರೆದರು. ಕೆಟ್ಟವರಲ್ಲ ಅವರು. ಬಾಗಿಲು ಹಾಕಿಕೊಂಡೇ ಹೇಳಿದರು. "ಸವಿತಾ, ನಿನ್ನ ಕೈ ಛಲೋ ಐತಿ, ಮಾತೂ ಛಲೋ ಐತಿ. ಆದರ ಹತ್ತರ ನಿಂತು ಮಾಡೂ ಕೆಲಸಾ ಇದು. ಆರು ತಿಂಗಳು ನೋಡ್ತೇನಿ. ಹಿಂಗ ಆದರ ಬ್ಯಾರೇದವರನ ತಗೋಬೇಕಾಗ್ತೈತಿ."

"ಆಯಿ, ನಾ ದಿನಾ ಜಳಕಾ ಮಾಡೇ ಹೋಗ್ತೇನಲಾ," ಎಂದು ಸವಿತಾ ನನ್ನ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. "ಏಳು ಕಿಲೋಮೀಟರ್ ದಾಟೂದ್ರಾಗ ಎಲ್ಲಾ ಹೋಗಿಬಿಡ್ತೈತಿ. ನಾ ಏನ್ ಮಾಡಲಿ?"

ಕೆಲಸ ಹೋದರೆ ತಂಗಡಗಿಗೆ ವಾಪಸ್. ವಾಪಸ್ ಬಂದರೆ ಮುಂದಿನ ಮಾತು ಲಗ್ನದ್ದೇ ಎಂದು ನನ್ನ ಮಗ, ಅವಳಪ್ಪ, ಮೊದಲೇ ಹೇಳಿಯಾಗಿತ್ತು. ಅವಳಿಗೆ ಇನ್ನೂ ಕಲಿಯುವ ಆಸೆ. ಆರು ತಿಂಗಳೊಳಗೆ ಈ ಬೆವರಿಗೊಂದು ದಾರಿ ಹುಡುಕಲೇಬೇಕಾಯಿತು.

ಮೊದಲು ಪೌಡರ್ ಡಬ್ಬಿ ತಂದೆ. ಕೊರಳಿಗೆ, ಬೆನ್ನಿಗೆ ಬಿಳಿ ಮಾಡಿ ಕಳಿಸಿದೆ. ಅದು ಬೆವರಿನಲ್ಲಿ ಕಲೆತು ಕಣಕದ ಹಾಗೆ ಮೆತ್ತಿಕೊಂಡಿತು. ಸಂಜೆ ಬಂದು, "ಆಯಿ, ನನ್ನ ಕೊರಳಾಗ ರೊಟ್ಟಿ ಬಡೀಬಹುದು ನೋಡು" ಅಂದಳು. ಇಬ್ಬರೂ ನಕ್ಕೆವು. ಆದರೆ ಮರುದಿನ ಅದೇ ಕಥೆ.

ಆಮೇಲೆ ನನಗೊಂದು ಬುದ್ಧಿ ಹೊಳೆಯಿತು. ಹೊಳೆಯಬಾರದಿತ್ತು. ಸುತ್ತೆಲ್ಲ ನಿಂಬೆ. ಗಾಳಿ ಬೀಸಿದರೆ ಮನೆಯೆಲ್ಲ ಘಮಘಮ. ಊರಲ್ಲಿ ನಾವು ಹಿತ್ತಾಳೆ ಕೊಡಕ್ಕೆ ಹುಣಸೆಹುಳಿ ಉಜ್ಜಿದರೆ ಜಿಡ್ಡು ಬಿಟ್ಟು ಫಳಫಳ ಅನ್ನುವುದಿಲ್ಲವೇ, ಹಾಗೇ ಇದು ಎಂದುಕೊಂಡೆ. ಉದುರಿದ ಎರಡು ಹಣ್ಣು ಹೆಚ್ಚಿ, ಅವಳ ಕೊರಳಿಗೆ, ಕೈಗೆ ಚೆನ್ನಾಗಿ ಉಜ್ಜಿ, "ಹೋಗು ನನ್ನವ್ವಾ, ಇವತ್ತ ಘಮಾಡಸ್ತೀ" ಎಂದು ಕಳಿಸಿದೆ. ಎರಡು ದಿನ ಹಾಗೆ ಮಾಡಿದೆ. ಮೂರನೆಯ ದಿನ ಅವಳ ಕೊರಳು, ಮೊಣಕೈ ಕೆಂಪಾಗಿ ಉರಿ ಎದ್ದಿತು. ಮರುದಿನ ಬೊಬ್ಬೆ. ಹಸಿ ಸುಟ್ಟ ಗಾಯದ ಹಾಗೆ. ಡಾಕ್ಟರಬಾಯಿ ನೋಡಿ ಗಾಬರಿಯಾಗಿ, ಹಚ್ಚಲು ಮುಲಾಮು ಬರೆದುಕೊಟ್ಟು, "ಕಡಿಮಿ ಆಗೂತನಕ ಬರಬ್ಯಾಡ, ಪೇಶಂಟ್ ಹೆದರ್ತಾರ" ಎಂದು ಮನೆಗೆ ಕಳಿಸಿದರು.

ಕಸ್ತೂರಕ್ಕ ನೋಡಿದವಳೇ ಹಣೆ ಬಡಿದುಕೊಂಡಳು. "ಏನ್ ಹಚ್ಚೀದಿಬೇ ಆಯಿ? ನಿಂಬಿ ರಸಾನಾ? ರಸಾ ಹತ್ತಿದ ಮೈಗಿ ಬಿಸಲ ಬಿದ್ದರ ಸುಟ್ಟ ಹೋಗ್ತೈತಿ! ನಾವು ಹಣ್ಣ ಹರದ ಕೈ ತೊಳೀಲಾರದ ಬಿಸಲಿಗೆ ಬರಂಗಿಲ್ಲ. ಇಂಡ್ಯಾಗ ಸಣ್ಣ ಹುಡುಗೂರಿಗೂ ಗೊತ್ತೈತಿ ಇದು."

ಹೊಳೆದಂಡೆಯವಳಿಗೆ ಯಾರು ಹೇಳಬೇಕು? ಅವಳು ಮನೆಯಲ್ಲಿ ಕೂತ ಮೊದಲ ನಾಲ್ಕು ದಿನ ನಾನು ಸರಿಯಾಗಿ ಉಂಡಿಲ್ಲ. ಸವಿತಾ ಕೈಗೆ ಮುಲಾಮು ಹಚ್ಚಿಕೊಳ್ಳುತ್ತಾ ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ನಮ್ಮೂರ ಕಡೆಯ ಮುದ್ದೇಬಿಹಾಳದ ಬಸ್ಸು ಹತ್ತಿ ಹೋಗಿಬಿಡೋಣ, ನಾನಿದ್ದು ಈ ಹುಡುಗಿಗೆ ಕೆಡುಕೇ ಮಾಡಿದೆ ಅನಿಸಿತು. ಬಾಗಿಲಲ್ಲಿ ಕೂತು, ಆ ಸುಡುಗಾಡು ಘಮದಲ್ಲಿ ಹೊಳೆಯ ಕೆಸರಿನ ವಾಸನೆ ನೆನೆಸುತ್ತಿದ್ದೆ.

ಹಾಗೆ ಕೂತಾಗಲೇ ಕಸ್ತೂರಕ್ಕನ ಗಂಡ ಶರಣಪ್ಪ ಗಿಡಗಳ ನಡುವೆ ಕುಂಟೆ ಹೊಡೆದು ಎತ್ತು ಬಿಟ್ಟುಕೊಂಡು ಬಂದ. ಎತ್ತು ಬುಸುಬುಸು ತೇಕುತ್ತಿತ್ತು, ಮೈಯೆಲ್ಲ ಬೆವರಿನ ನೊರೆ. ಅವನು ಬಕೆಟ್ ಎತ್ತಿ ಸೀದಾ ಅದರ ಬೆನ್ನಿಗೆ ಸುರಿಯಲು ಹೋದ. ನನಗೆ ತಡೆಯಲಾಗಲಿಲ್ಲ.

"ಏ ಶರಣಪ್ಪಾ! ಬೆವರ ಆರಲೋ! ನೆರಳಿಗೆ ನಿಲ್ಲಸು, ದಮ್ಮು ಇಳೀಲಿ. ಆಮ್ಯಾಲ ಒದ್ದಿ ಅರಬಿ ತಗೊಂಡ ಒರಸು. ನಮ್ಮೂರಾಗ ಹಿಂಗ ಮಾಡಿದರ ಎತ್ತಿನ ಬದಲಿ ನಿನ್ನ ಕಟ್ಟತಿದ್ದರು!"

ಕಸ್ತೂರಕ್ಕ ಕಟ್ಟೆಯ ಮೇಲಿಂದಲೇ ಅಂದಳು, "ಭಾಳ ಶಾಣ್ಯಾಕಿ ನೋಡು! ಎತ್ತಿಗೆ ಇಷ್ಟ ಕಾಳಜಿ, ಮೊಮ್ಮಗಳಿಗೆ ನಿಂಬಿ ರಸಾ!"

ಶರಣಪ್ಪ ನಕ್ಕ. ನಾನು ನಗಲಿಲ್ಲ. ಎದ್ದು ನಿಂತೆ. ನಮ್ಮವರು ಬದುಕಿದ್ದಾಗ ನಲವತ್ತು ವರ್ಷ ದಿನಾ ನೋಡಿದ್ದು ಇದೇ. ಹೊಲದಿಂದ ಬಂದ ಎತ್ತನ್ನು ಬೇವಿನ ನೆರಳಲ್ಲಿ ನಿಲ್ಲಿಸಿ, ಬೆವರು ನಿಂತ ಮೇಲೆಯೇ ಹೊಳೆಗೆ ಹೊಡೆಯುತ್ತಿದ್ದರು. ಸವಿತಾ ಮಾಡುತ್ತಿದ್ದುದೇನು? ತೇಕುತ್ತ ಹೋಗಿ, ಬೆವರು ಹರಿಯುತ್ತಿರುವಾಗಲೇ ಮುಖಕ್ಕೆ ನೀರು ಚಿಮುಕಿಸಿಕೊಂಡು, ಅದೇ ಒದ್ದೆ ಬಟ್ಟೆಯಲ್ಲಿ ನಿಲ್ಲುತ್ತಿದ್ದಳು. ಒಳಗಿನ ಕಾವು ಇಳಿಯದೆ ಎಷ್ಟು ತೊಳೆದರೂ ಮತ್ತೆ ಒಸರುತ್ತದೆ. ಅದಕ್ಕೆ ಬಚ್ಚಲೂ ಬೇಡ, ಬ್ಯಾರಲ್ಲೂ ಬೇಡ. ಹೊತ್ತು ಬೇಕು, ನೆರಳು ಬೇಕು, ಎರಡು ಬಟ್ಟೆ ಬೇಕು.

ಟ್ರಂಕಿನಲ್ಲಿ ನಮ್ಮವರ ಹಳೆಯ ಧೋತರವಿತ್ತು, ತೊಳೆದು ತೊಳೆದು ಬೆಣ್ಣೆಯಂತಾದದ್ದು. ಹರಿಯಲು ಕೈ ಬರಲಿಲ್ಲ. ಆಮೇಲೆ, ಅವರೇ ಇದ್ದಿದ್ದರೆ ಹರಿ ಅನ್ನುತ್ತಿದ್ದರು ಎಂದು ಆರು ತುಂಡು ಮಾಡಿದೆ. ಎರಡನ್ನು ನೀರಲ್ಲಿ ಹಿಂಡಿ ಸ್ಟೀಲ್ ಡಬ್ಬಿಯಲ್ಲಿ ಹಾಕಿದೆ, ಒಂದು ಒಣ ತುಂಡು ಬೇರೆ ಚೀಲದಲ್ಲಿ. ಕೆಲಸದ ಬಟ್ಟೆ ಮಡಚಿ ಬೇರೆ. ಸೈಕಲ್ ತುಳಿಯಲು ಹಳೆಯ ಸಡಿಲ ಬಟ್ಟೆ.

ಗಾಯ ಮಾಯ್ದ ಮೇಲೆ ಮೊದಲ ದಿನ, ದಿನಾ ಕೊಡಲಾಗದ ಬಾಡಿಗೆ ಕೊಟ್ಟು, ನಾನೂ ಟಂಟಂ ಗಾಡಿ ಹಿಡಿದು ಅವಳ ಹಿಂದೆಯೇ ಹೋದೆ. ಅರ್ಧ ತಾಸು ಮೊದಲೇ ಹೊರಟಿದ್ದೆವು. ದವಾಖಾನೆಯ ಅಂಗಳದಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ಕೂಡಿಸಿದೆ. "ಏಳಬ್ಯಾಡ, ದಮ್ಮು ಇಳೀಲಿ," ಅಂದೆ. ಅಷ್ಟರಲ್ಲಿ ಕಸಬರಿಗೆ ಹಿಡಿದು ಅಲ್ಲಿನ ಆಯಾ ರಮಾಬಾಯಿ ಬಂದಳು.

"ಏನಬೇ, ಕಣ್ಣ ತೋರಸವರಾ?"

"ಇಲ್ಲವಾ, ಮೊಮ್ಮಗಳಿಗೆ ಬಟ್ಟಿ ಬದಲಿ ಮಾಡಾಕ ಒಂದೀಟ ಮರೆ ಆಗೂ ಜಾಗಾ ಬೇಕು."

"ಇದು ದವಾಖಾನಿ ಐತಿ, ಬಚ್ಚಲಲ್ಲ."

ನಾನು ಎಲ್ಲ ಹೇಳಿದೆ. ಮುದುಕನ ಮಾತು, ನಿಂಬೆಯ ಗಾಯ, ಏನೂ ಮುಚ್ಚಲಿಲ್ಲ. ಪರ ಊರಿನಲ್ಲಿ, ಪರಿಚಯವಿಲ್ಲದವಳ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು. ರಮಾಬಾಯಿ ಕಸಬರಿಗೆ ಗೋಡೆಗೆ ಆನಿಸಿದಳು. "ನಾನೂ ಎರಡು ಮನಿ ಕಸಾ ಹೊಡದ ಇಲ್ಲಿಗೆ ಬರ್ತೇನಿ. ನನ್ನ ವಾಸನಿ ಯಾರೂ ಕೇಳಂಗಿಲ್ಲ, ಯಾಕಂದರ ನನ್ನ ಹತ್ತರ ಯಾರೂ ನಿಲ್ಲಂಗಿಲ್ಲ," ಅಂದಳು. ಆಮೇಲೆ ಚಸ್ಮಾ ಡಬ್ಬಿ ತುಂಬಿದ ಸಣ್ಣ ಕೋಣೆ ತೋರಿಸಿದಳು. ಅದಕ್ಕೆ ಚಿಲಕವಿಲ್ಲ. "ನಾನ ಚಿಲಕಾ" ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಸವಿತಾ ಒದ್ದೆ ಬಟ್ಟೆಯಿಂದ ಮುಖ, ಕೊರಳು, ಬಗಲು, ಬೆನ್ನು ಒರೆಸಿ, ಒಣ ಬಟ್ಟೆಯಿಂದ ಒತ್ತಿ, ಒಗೆದ ಬಟ್ಟೆ ಹಾಕಿಕೊಂಡು ಹೊರಗೆ ಬಂದಳು. ಒಂದು ತಂಬಿಗೆ ನೀರೂ ಖರ್ಚಾಗಿರಲಿಲ್ಲ. ಬೆವರಿನ ಬಟ್ಟೆಯನ್ನು ಚೀಲಕ್ಕೆ ತುರುಕಬೇಡ ಎಂದು ರಮಾಬಾಯಿಯೇ ಹಿತ್ತಿಲ ತಂತಿಗೆ ಹಾಕಿಸಿದಳು. ಮಾರನೆಯ ದಿನದಿಂದ ನಾನು ಡಬ್ಬಿಯಲ್ಲಿ ನಾಲ್ಕು ತುಂಡು ಇಡತೊಡಗಿದೆ. ಎರಡು ರಮಾಬಾಯಿಗೆ. ಅವಳು ಒರೆಸಿಕೊಳ್ಳುವಾಗ ಸವಿತಾ ಚಿಲಕ.

ತಿಂಗಳಾದ ಮೇಲೆ ಆ ಬಿಳಿ ಮೀಸೆಯ ಮುದುಕ ಮತ್ತೆ ಬಂದ. ಹೊಸ ಚಸ್ಮಾ ಸಡಿಲಾಗಿತ್ತಂತೆ. ಸವಿತಾ ಹತ್ತಿರ ಹೋಗಿ ಕಿವಿಯ ಮೇಲೆ ಸರಿಮಾಡಿ ಕೂಡಿಸಿದಳು. ಅವನು ಅವಳನ್ನೇ ನೋಡಿ, "ಹ್ವಾದ ಸಲ ಇದ್ದಾಕಿ ಎಲ್ಲಿ ಹ್ವಾದಳವಾ?" ಅಂದ.

"ನಾನರೀ ಅಜ್ಜಾ ಆಕಿ."

ಮುದುಕ ಮೀಸೆ ಸವರಿ, "ಹಂಗಾರ ಆವತ್ತ ನಂದು ಬಾಯಿ ಹೊಲಸಿತ್ತ ಬಿಡು," ಅಂದು, ಹೊರಗೆ ಕೂತವರಿಗೆಲ್ಲ ಕೇಳುವಂತೆ, "ಈ ಹುಡುಗಿ ಕೈಯಾಗ ತೋರಸ್ರಿ, ಛಲೋ ನೋಡ್ತಾಳ" ಎಂದು ಹೋದ. ಅದನ್ನು ಡಾಕ್ಟರಬಾಯಿಯೂ ಕೇಳಿದರು.

ಹೀಗೆ ಆರು ತಿಂಗಳ ಗಡುವು ಮುಗಿಯುವ ಸೋಮವಾರ ಬಂತು. ಅಂದೇ ಗೊತ್ತಾಗುತ್ತದೆ ಎಂದು ಮಗ ಮತ್ತು ಸೊಸೆ ನಸುಕಿನಲ್ಲೇ ತಂಗಡಗಿ ಬಿಟ್ಟು, ಮುದ್ದೇಬಿಹಾಳದಲ್ಲಿ ಒಂದು ಬಸ್ಸು, ಸಿಂದಗಿಯಲ್ಲಿ ಇನ್ನೊಂದು ಹಿಡಿದು ಹೊರಟಿದ್ದರು. ಅವರ ಫೋನು ದಾರಿಯಲ್ಲಿ ಹತ್ತಲಿಲ್ಲ. ಬಂದಾಗ ಮಗನ ಬಗಲಲ್ಲಿ ನಾಲ್ಕು ಖಾಲಿ ಗೋಣಿಚೀಲ, ಹಗ್ಗ. ಕೆಲಸ ಉಳಿಯುವುದಿಲ್ಲವೆಂದು ನಮ್ಮ ಪಾತ್ರೆ-ಭಾಂಡೆ ಕಟ್ಟಿಕೊಂಡು ಹೋಗಲು! ಇನ್ನೊಂದು ಕೈಯಲ್ಲಿ ಐದು ಲೀಟರ್ ಕ್ಯಾನು, ನನಗಾಗಿ ತಂದ ಹೊಳೆಯ ನೀರು.

"ಚೀಲಾ ಯಾಕ ತಂದಿಯೋ?" ಅಂದೆ. ನನ್ನ ಮುಖ ನೋಡಿಯೇ ಸೊಸೆಗೆ ತಿಳಿಯಿತು. ಅಂಗಳದಲ್ಲೇ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಗ ಹಗ್ಗ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತ.

ಸಂಜೆ ಸವಿತಾ ಸೈಕಲ್ ಗಂಟೆ ಬಾರಿಸುತ್ತಾ ಬಂದಳು. ಹಿಂದೆ ಸೀಟಿನ ಮೇಲೆ ರಮಾಬಾಯಿ ಕೂತಿದ್ದಳು. ಸಿಹಿಗೆ ಸಜ್ಜಕ ಮಾಡಿದ್ದೆ, ಎಣ್ಣೆಗಾಯಿ, ರೊಟ್ಟಿ, ಹೊಳೆಯ ನೀರಲ್ಲಿ ಬೇಯಿಸಿದ ಬೇಳೆ. ಕಸ್ತೂರಕ್ಕ, ಶರಣಪ್ಪ ಬಂದರು. ಹಾಸಲು ಚಾಪೆ ಸಾಲದೆ ಭಾಂಡೆ ಕಟ್ಟಲು ತಂದ ಗೋಣಿಚೀಲಗಳನ್ನೇ ಹಾಸಿದೆವು. ಕಸ್ತೂರಕ್ಕ ಬೇಳೆಗೆ ನಿಂಬೆ ಹಿಂಡುತ್ತಾ, "ಇದು ಒಳಗ ಹೋಗೂದು ಆಯಿ, ಮ್ಯಾಲ ಹಚ್ಚೂದಲ್ಲ" ಅಂದಳು. ಸವಿತಾ ನಕ್ಕು ನಕ್ಕು ನೆತ್ತಿಗೇರಿಸಿಕೊಂಡಳು.

"ಯವ್ವಾ, ಆಕಿ ಇನ್ನ ಗಟ್ಟಿ ಆದಳು," ಮಗ ತುತ್ತು ಹಿಡಿದು ಮೆಲ್ಲಗೆ ಅಂದ. "ನೀ ನಾಳಿ ನಮ್ಮ ಕೂಡ ಬರ್ತೀಯಿಲ್ಲ? ಹೊಳಿ ತುಂಬೇತಿ. ನೀ ಕೂಡತಿದ್ದ ಕಟ್ಟಿ ಹಂಗ ಐತಿ."

ಎದೆ ಹೊಳೆಯ ಕಡೆಗೇ ಜಗ್ಗಿತು, ಸುಳ್ಳು ಹೇಳುವುದಿಲ್ಲ. ಬಾಯಿ ಮಾತ್ರ, "ನಾಳಿ ಮೋಟರ್ ಬಿಡೂ ದಿನಾ ಐತೋ. ನಾ ಇಲ್ಲಂದರ ಬ್ಯಾರಲ್ ತುಂಬಿಸಿಕೊಳ್ಳವರ ಯಾರು?" ಅಂದಿತು. ಸೊಸೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನು ಅರ್ಧ ಮುರಿದು ಸವಿತಾಳ ತಾಟಿಗೆ ಇಟ್ಟು, ಉಳಿದರ್ಧ ನಾನು ತಿಂದೆ.