ಮುಖ ತಿರುಗಿಸಿ ಕೂತ ಗೊಂಬೆಗಳು

ಗುಬ್ಬಿಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್. ಜನ ಎಸೆದ ಟೆಡ್ಡಿ, ಮೊಲ, ನಾಯಿಮರಿಗಳನ್ನೆಲ್ಲ ಸೇರಿಸಿ ದೊಡ್ಡದೊಂದು ಕಲಾಕೃತಿ ಮಾಡಬೇಕೆಂಬ ಹುಚ್ಚು ಹತ್ತಿತ್ತು. ಹಳೇ ಗೊಂಬೆಗಳ ಹತ್ತಿ ತೆಗೆದು ದಿಂಬಿಗೆ ತುಂಬುವ ಶೆಡ್ಡೊಂದು ತುಮಕೂರಿನ ಸತ್ಯಮಂಗಲದಲ್ಲಿದೆಯೆಂದು ಕೇಳಿ, ರಜೆ ಹಾಕಿ ಹೋದೆ.

ಅಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತು, ಕತ್ತರಿಯಿಂದ ಗೊಂಬೆಗಳ ಕಣ್ಣು ಕೀಳುತ್ತಿದ್ದಳು. ಪ್ಲಾಸ್ಟಿಕ್ ಕಣ್ಣು ಹತ್ತಿ ಬಿಡಿಸುವ ಮಿಷನ್ನಿಗೆ ಸಿಕ್ಕಬಾರದಂತೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಇನ್ನೂ ಕಣ್ಣಿದ್ದ ಗೊಂಬೆಗಳನ್ನೆಲ್ಲ ಕೇಳಿ ಪಡೆದು ಆಟೋಗೆ ತುಂಬಿಸಿದೆ. ಹೊರಡುವಾಗ, ಪ್ರದರ್ಶನಕ್ಕೆ ಬರುವಂತೆ ಅವಳನ್ನು ಕರೆದೆ.

ತುಮಕೂರಿನ ಕಾಲೇಜೊಂದರ ಸಭಾಂಗಣದಲ್ಲಿ ಗೋಡೆ ತುಂಬ ಗೊಂಬೆ. ಎಲ್ಲವೂ ನೋಡುವವರನ್ನೇ ನೋಡುತ್ತಿದ್ದವು. ಜನ ಸೆಲ್ಫಿ ತೆಗೆದುಕೊಂಡರು. ಎರಡನೇ ದಿನ ಅವಳು ಬಂದಳು, ಒಂದು ಗಳಿಗೆ ನಿಂತಳು, ಹೊರಗೆ ಹೋದಳು. ನಾನೂ ಹಿಂದೆಯೇ ಹೋದೆ.

"ಯಾಕಮ್ಮ, ಚೆನ್ನಾಗಿಲ್ವಾ?"

"ಎಲ್ಲಾ ನನ್ನೇ ನೋಡ್ತವೆ ಮೇಡಂ. ಕಿತ್ತ ಕಣ್ಣೆಲ್ಲ ನೆಪ್ಪಿಗೆ ಬತ್ತವೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದಕ್ಕೊಂದು ಮುಖ ಮಾಡಿ ಕೂರಿಸ್ಬೌದಲ್ವಾ? ಅವವೇ ಮಾತಾಡ್ಕೊಂಡಿರ್ಲಿ."

ಮೊದಲು ಸಿಟ್ಟೇ ಬಂತು. ಆದರೂ ಕೈ ಸುಮ್ಮನಿರಲಿಲ್ಲ. ಸಂಜೆಯವರೆಗೂ ಇಬ್ಬರೂ ಗೊಂಬೆಗಳನ್ನು ಇಳಿಸಿ, ನೆಲದ ಮೇಲೆ ಮುಖ ಒಳಗೆ ಮಾಡಿ ದುಂಡಗೆ ಕೂರಿಸಿದೆವು. ನೋಡುವವರಿಗೆ ಕಾಣುವುದು ಬರೀ ಬೆನ್ನು. ಮರುದಿನ ಬಂದವರು ದನಿ ತಗ್ಗಿಸಿದರು. ಕೆಲವರು ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದರು. ಪತ್ರಿಕೆಯವರೊಬ್ಬರು, "ಈ ಯೋಚನೆ ಹೇಗೆ ಬಂತು ಮೇಡಂ?" ಎಂದರು.

"ಹಾಗೇ ಹೊಳೀತು," ಎಂದುಬಿಟ್ಟೆ.

ಪೇಪರಿನಲ್ಲಿ ಅದೇ ಬಂತು. ಆಮೇಲೆ ಪಾಠ ಮಾಡುವಾಗ, ಅನ್ನ ಬಸಿಯುವಾಗ, ಆ ಮಾತು ಚುಚ್ಚುತ್ತಲೇ ಇತ್ತು. ತಡೆಯಲಾರದೆ ಸತ್ಯಮಂಗಲಕ್ಕೆ ಹೋದರೆ ಅವಳು ಕೆಲಸ ಬಿಟ್ಟಿದ್ದಳು. ಕುಣಿಗಲ್ ಕಡೆಯ ಅಮೃತೂರಿನ ತಂಗಿಯ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆಂದರು. ಭಾನುವಾರ ಬಸ್ಸು ಹತ್ತಿದೆ.

ಅವಳು ಮಿಷನ್ ತುಳಿಯುತ್ತಲೇ ನನ್ನ ತಪ್ಪೊಪ್ಪಿಗೆ ಕೇಳಿಸಿಕೊಂಡಳು.

"ಬುಡಿ ಮೇಡಂ. ಪೇಪರ್ನಾಗೆ ನನ್ ಹೆಸ್ರು ಬಂದು ಏನಾಗ್ಬೇಕಿತ್ತು?" ಎಂದಳು. ಬಟ್ಟೆ ಮುಂದಕ್ಕೆ ಸರಿಸುತ್ತ, "ಆ ಗೊಂಬೆಗಳೆಲ್ಲ ಈಗ ಎಲ್ಲಿ ಅವೆ?"

"ಮನೇಲಿ. ಅಟ್ಟದ ಮೇಲೆ, ಮೂಟೆ ಕಟ್ಟಿಟ್ಟಿದೀನಿ."

ಅವಳ ಕಾಲು ನಿಂತಿತು. "ಮೂಟೇಲಾ?"

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಅಟ್ಟ ಹತ್ತಿದೆ. ಎರಡು ಮೂಟೆ ಬಿಚ್ಚಿ ಒಂದಕ್ಕೊಂದು ಮುಖ ಮಾಡಿ ಕೂರಿಸಿದ್ದೇನೆ, ನಡುಮನೆ ತುಂಬಿಹೋಗಿದೆ. ಮೂರನೆಯದನ್ನು ಬಿಚ್ಚಿದರೆ ಎಲ್ಲಿ ಕೂರಿಸುವುದೆಂದು ಇನ್ನೂ ತೋಚಿಲ್ಲ.